ಕರುಳಿನ ಉರಿಯೂತ: ಮಾತ್ರೆಯೋ, ಎನಿಮಾವೋ, ಬಯಾಲಜಿಕ್ಕೋ, ಬರೀ ಮೊಸರೋ?

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಮೂಲವ್ಯಾಧಿ. ಎರಡನೆಯದು ಆಮಶಂಕೆ. ಮುಲಾಮು ಹಚ್ಚಿದ್ದಾಯಿತು, ಎರಡು ಮೂರು ಸಲ ಮೆಟ್ರೊನಿಡಜೋಲ್ ನುಂಗಿದ್ದಾಯಿತು, ಆದರೂ ರಕ್ತ ನಿಲ್ಲಲಿಲ್ಲ ಎಂದಾಗ ಕೊಳವೆ ಕ್ಯಾಮೆರಾದಿಂದ ಕರುಳಿನೊಳಗೆ ನೋಡುವ ಕೊಲೊನೊಸ್ಕೋಪಿ, ಆಮೇಲೆ 'ಅಲ್ಸರೇಟಿವ್ ಕೊಲೈಟಿಸ್' ಎಂಬ ಹೊಸ ಹೆಸರು, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣೇಳಿಸುವ ಉರಿಯೂತ. ಅಲ್ಲಿಂದ ಸಲಹೆಗಳ ಸುರಿಮಳೆ. ವೈದ್ಯರು ಮೆಸಲಮೈನ್ ಎಂಬ ಉರಿಯೂತ ಇಳಿಸುವ ಔಷಧ ಬರೆಯುತ್ತಾರೆ, ಪಕ್ಕದ ಮನೆಯವರು ಪ್ರೊಬಯಾಟಿಕ್ ಹೇಳುತ್ತಾರೆ, ವಾಟ್ಸಾಪಿನಲ್ಲಿ ಅಮೃತಬಳ್ಳಿ ಬರುತ್ತದೆ. ಇವುಗಳಲ್ಲಿ ಯಾವುದು 'ಸ್ಟ್ರಾಂಗ್' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಉರಿಯೂತ ಕರುಳಿನ ಯಾವ ಭಾಗದಲ್ಲಿದೆ, ಎಷ್ಟಿದೆ ಎಂಬ ಎರಡು ಪ್ರಶ್ನೆಗಳೇ ಆಯ್ಕೆಯ ಮುಕ್ಕಾಲು ಪಾಲು ತೀರ್ಮಾನಿಸುತ್ತವೆ.

ಒಳಗೆ ಕೆಡುವುದು ಏನು

ಕರುಳಿನ ಒಳಹೊದಿಕೆ ಒಂದೇ ಸಾಲು ಜೀವಕೋಶ. ದೊಡ್ಡ ಕರುಳಿನಲ್ಲಿ ಅದರ ಮೇಲೆ ಎರಡು ಪದರ ಲೋಳೆ ಇರುತ್ತದೆ. ಹೊರಪದರದಲ್ಲಿ ಸೂಕ್ಷ್ಮಾಣುಗಳು ವಾಸ ಮಾಡುತ್ತವೆ, ಜೀವಕೋಶಗಳಿಗೆ ಅಂಟಿಕೊಂಡ ಒಳಪದರ ಹೆಚ್ಚುಕಡಿಮೆ ಖಾಲಿ. ನಾವು ತಿಂದ ನಾರನ್ನು ಈ ಸೂಕ್ಷ್ಮಾಣುಗಳು ಹುದುಗಿಸಿದಾಗ ಬ್ಯುಟಿರೇಟ್ ಎಂಬ ಆಮ್ಲ ಹುಟ್ಟುತ್ತದೆ. ದೊಡ್ಡ ಕರುಳಿನ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ, ರೋಗನಿರೋಧಕ ಕಣಗಳನ್ನು ಸಮಾಧಾನವಾಗಿಡುವುದೂ ಅದೇ. ಉರಿಯೂತದ ಕಾಯಿಲೆ ಇರುವವರಲ್ಲಿ ಬ್ಯುಟಿರೇಟ್ ಮಾಡುವ ಫೀಕಾಲಿಬ್ಯಾಕ್ಟೀರಿಯಂನಂಥವು ಕಡಿಮೆಯಾಗಿ, ಇ. ಕೋಲಿ ಬಳಗದವು ಹೆಚ್ಚಾಗಿರುತ್ತವೆ. ಲೋಳೆ ತೆಳುವಾಗುತ್ತದೆ, ಸೂಕ್ಷ್ಮಾಣುಗಳು ಗೋಡೆಗೆ ತಾಗುತ್ತವೆ, ನಿರೋಧಕ ವ್ಯವಸ್ಥೆ ಯುದ್ಧಕ್ಕಿಳಿದು ನಿಲ್ಲಿಸುವುದನ್ನೇ ಮರೆಯುತ್ತದೆ.

ಹಾಗಾಗಿ 'ಇಮ್ಯುನಿಟಿ ಬೂಸ್ಟರ್' ಎಂದು ಬರೆದ ಡಬ್ಬಿ ಇಲ್ಲಿ ತಪ್ಪು ದಿಕ್ಕಿನ ಔಷಧ. ಈ ರೋಗಿಗೆ ಬೇಕಿರುವುದು ಕೆರಳಿದ ನಿರೋಧಕ ಶಕ್ತಿ ತಣಿಯುವುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಏಟು ಮಾಡಿಕೊಂಡವರ ಬಗ್ಗೆ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಅದೂ ದೇಹದ ನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಬಗೆಯದು.

ಔಷಧಕ್ಕೆ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಲಿ

ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಮೇಲಕ್ಕೆ ಬಿಡುವಿಲ್ಲದೆ ಹಬ್ಬುತ್ತದೆ, ಒಳಪದರವನ್ನಷ್ಟೇ ಸುಡುತ್ತದೆ. ಇದೇ ಬಳಗದ ಇನ್ನೊಂದು ಕಾಯಿಲೆ ಕ್ರೋನ್ಸ್, ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತೇಪೆ ತೇಪೆಯಾಗಿ, ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ. ಸಣ್ಣ ಕರುಳಿನ ತುದಿ ಅದಕ್ಕೆ ಅಚ್ಚುಮೆಚ್ಚಿನ ಜಾಗ. ನಮ್ಮ ದೇಶದಲ್ಲಿ ಕರುಳಿನ ಕ್ಷಯಕ್ಕೂ ಅದೇ ಜಾಗ ಇಷ್ಟ. ಬಯಾಪ್ಸಿಯಲ್ಲೂ ಎಷ್ಟೋ ಸಲ ಎರಡನ್ನೂ ಬೇರೆ ಮಾಡಲಾಗುವುದಿಲ್ಲ. ಆಗ ಕ್ಷಯದ ಮಾತ್ರೆ ಶುರುಮಾಡಿ ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೊಸ್ಕೋಪಿ ಮಾಡಿ ನೋಡುವ ಪದ್ಧತಿ ಇದೆ. ಇಲ್ಲೊಂದು ಎಡವಟ್ಟು: ಹೊಟ್ಟೆನೋವು, ಜ್ವರ ಕಡಿಮೆಯಾಯಿತೆಂದು ಈ ಎರಡನೆಯ ಕೊಲೊನೊಸ್ಕೋಪಿ ತಪ್ಪಿಸುವುದು. ಕ್ರೋನ್ಸ್ ಇದ್ದವರಿಗೂ ಕ್ಷಯದ ಮಾತ್ರೆಯಲ್ಲಿ ಕೆಲಕಾಲ ಹಗುರ ಅನ್ನಿಸಬಹುದು. ಹುಣ್ಣು ಮಾಗಿದೆಯೇ ಎಂದು ಕಣ್ಣಾರೆ ಕಂಡರೆ ಮಾತ್ರ ಅದು ಕ್ಷಯ ಎಂಬ ಮಾತಿಗೆ ಬಲ ಬರುತ್ತದೆ.

ಅಮೀಬಾ ಇನ್ನೊಂದು ವೇಷಧಾರಿ. ಅಮೀಬಾದ ಹುಣ್ಣಿಗೆ ಕೊಲೈಟಿಸ್ ಎಂದು ಸ್ಟಿರಾಯ್ಡ್ ಕೊಟ್ಟರೆ ಕರುಳು ತೂತಾಗುವ ಅಪಾಯವಿದೆ. ಹಳೆಯ ಕೊಲೈಟಿಸ್ ಕೆರಳಿದಾಗಲೂ ಮೊದಲು ಮಲಪರೀಕ್ಷೆ, ಜೊತೆಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಸೂಕ್ಷ್ಮಾಣುವಿನ ವಿಷದ ಪರೀಕ್ಷೆ ಆಗಲೇಬೇಕು.

ಮೆಸಲಮೈನ್: ಮೇಲಿನಿಂದಲೋ ಕೆಳಗಿನಿಂದಲೋ

ಹೆಚ್ಚಿನವರು ತಪ್ಪುವುದು ಇಲ್ಲೇ. ಉರಿಯೂತ ಗುದನಾಳದಲ್ಲಿ ಮಾತ್ರ ಇದ್ದರೆ ನುಂಗುವ ಮಾತ್ರೆಗಿಂತ ಗುದದೊಳಗೆ ಇಡುವ ಸಪೋಸಿಟರಿ ಮೇಲು. ಔಷಧ ನೇರ ಜಾಗಕ್ಕೇ ಹೋಗುತ್ತದೆ, ಅದೂ ಮಾತ್ರೆಯಿಂದ ಎಂದೂ ಬರದಷ್ಟು ಗಾಢವಾಗಿ. ರಾತ್ರಿ ಮಲಗುವಾಗ 1 ಗ್ರಾಂನದು ಒಂದು ಸಾಕು, 500 ಮಿ.ಗ್ರಾಂನದಾದರೆ ಎರಡು ಹೊತ್ತು. ಉರಿಯೂತ ಎಡಭಾಗದ ತಿರುವಿನವರೆಗೆ, ಅಂದರೆ ಗುಲ್ಮದ ಹತ್ತಿರದವರೆಗೆ ಹಬ್ಬಿದ್ದರೆ ಎನಿಮಾ ಬೇಕು, ಜೊತೆಗೆ ಮಾತ್ರೆಯೂ ಬೇಕು. ಎರಡೂ ಸೇರಿದಾಗ ಬರುವ ಫಲ ಬರೀ ಮಾತ್ರೆಯಿಂದ ಬರುವುದಿಲ್ಲ. ಇಡೀ ಕರುಳಿಗೆ ಹಬ್ಬಿದ್ದರೂ ಎನಿಮಾ ಸೇರಿಸುವುದು ಲಾಭವೇ, ಏಕೆಂದರೆ ಪದೇ ಪದೇ ಓಡಿಸುವ ಅವಸರ ಹುಟ್ಟುವುದು ಗುದನಾಳದಲ್ಲಿ.

ಎನಿಮಾ ಅಂದರೆ ಮುಖ ಸಿಂಡರಿಸುವವರೇ ಜಾಸ್ತಿ. ಒಂದು ವಾರ ಮಾಡಿ 'ನಿಲ್ಲುವುದೇ ಇಲ್ಲ' ಎಂದು ಕೈಬಿಡುತ್ತಾರೆ. ನಿಲ್ಲದಿರುವುದಕ್ಕೆ ಕಾರಣ ಬಹಳ ಸಲ ಹಾಕಿಕೊಳ್ಳುವ ಕ್ರಮ. ಮೊದಲು ಶೌಚ ಮುಗಿಸಿ. 60 ಮಿ.ಲೀ. ಬಾಟಲಿಯನ್ನು ಮುಚ್ಚಿದ ಹಾಗೇ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಡಿ. ತಣ್ಣಗಿನ ದ್ರವ ಕರುಳನ್ನು ಹಿಂಡಿಸುತ್ತದೆ. ಔಷಧ ತಳಕ್ಕೆ ಕೂತಿರುತ್ತದೆ, ಚೆನ್ನಾಗಿ ಕುಲುಕಿ. ಎಡಮಗ್ಗುಲಾಗಿ ಮಲಗಿ ಎಡಗಾಲು ಚಾಚಿ, ಬಲಮಂಡಿ ಮಡಚಿ. ತುದಿಗೆ ಸ್ವಲ್ಪ ಜೆಲ್ಲಿ ಹಚ್ಚಿ ಹೊಕ್ಕುಳದ ದಿಕ್ಕಿಗೆ ಒಳಸರಿಸಿ, ಒಂದು ನಿಮಿಷ ಹಿಡಿಯುವಷ್ಟು ನಿಧಾನವಾಗಿ ಹಿಂಡಿ. ಬಾಟಲಿಯ ಹಿಡಿತ ಬಿಡದೆಯೇ ಹೊರಗೆಳೆಯಿರಿ, ಇಲ್ಲದಿದ್ದರೆ ಹಾಕಿದ್ದೆಲ್ಲ ವಾಪಸು ಬಾಟಲಿಗೆ. ಅರ್ಧ ಗಂಟೆ ಅದೇ ಮಗ್ಗುಲಲ್ಲಿರಿ, ಸಾಧ್ಯವಾದರೆ ಬೆಳಗಿನವರೆಗೆ ತಡೆಯಿರಿ. ಹಳೆಯ ಟವಲ್ ಹಾಸಿಕೊಳ್ಳಿ, ಮೆಸಲಮೈನ್ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಮೊದಲ ನಾಲ್ಕು ದಿನ ಇಪ್ಪತ್ತು ನಿಮಿಷಕ್ಕೇ ಹೊರಬಂದರೂ ಗಾಬರಿ ಬೇಡ. ಉರಿಯೂತ ಇಳಿದಂತೆ ತಡೆಯುವ ಶಕ್ತಿ ತಾನೇ ಬರುತ್ತದೆ.

ಮಾತ್ರೆಯ ಪ್ರಮಾಣ ಕಾಯಿಲೆ ಕೆರಳಿದಾಗ ದಿನಕ್ಕೆ 2.4 ರಿಂದ 4.8 ಗ್ರಾಂ. ಮೂರು ಹೊತ್ತಿಗೆ ಹಂಚಬೇಕಿಲ್ಲ, ಒಂದೇ ಹೊತ್ತಿಗೆ ತೆಗೆದುಕೊಂಡರೂ ಅಷ್ಟೇ ಕೆಲಸ, ಮರೆಯುವುದೂ ಕಡಿಮೆ. ಪುಡಿಮಾಡಿ ನುಂಗಬೇಡಿ. ಮೇಲಿನ ಕವಚ ಕರಗಬೇಕಾದ್ದು ಕರುಳಿನ ಕೆಳಭಾಗದಲ್ಲಿ. ಮಲದಲ್ಲಿ ಖಾಲಿ ಸಿಪ್ಪೆ ಕಂಡರೆ ಚಿಂತೆಯಿಲ್ಲ, ಇಡೀ ಮಾತ್ರೆಯೇ ಪದೇ ಪದೇ ಹೊರಬಂದರೆ ಬೇರೆ ಬಗೆಯ ಕವಚ ಕೇಳಿ. ಮೂತ್ರಪಿಂಡಕ್ಕೆ ಅಪರೂಪಕ್ಕೆ ತೊಂದರೆಯಾಗುವುದರಿಂದ ಕ್ರಿಯಾಟಿನಿನ್ ಅನ್ನು ಶುರುವಿಗೆ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕು. ಕೆಲವರಿಗೆ ಈ ಔಷಧವೇ ರಕ್ತಭೇದಿ ಹೆಚ್ಚಿಸುತ್ತದೆ. ಶುರುಮಾಡಿದ ಎರಡು ವಾರದೊಳಗೆ ಜ್ವರ, ಹೊಟ್ಟೆನೋವಿನ ಜೊತೆ ಜೋರಾದರೆ ರೋಗ ಏರಿತೆಂದು ಪ್ರಮಾಣ ಏರಿಸುವ ಮೊದಲು ಈ ಸಾಧ್ಯತೆಯನ್ನು ವೈದ್ಯರಿಗೆ ನೆನಪಿಸಿ.

ಸಲ್ಫಸಲಜಿನ್ ಇದೇ ಕುಟುಂಬದ ಹಳೆಯ, ಅಗ್ಗದ ಅಣ್ಣ. ಕೀಲುನೋವು ಜೊತೆಗಿದ್ದವರಿಗೆ ಈಗಲೂ ಒಳ್ಳೆಯ ಆಯ್ಕೆ. ಫೋಲಿಕ್ ಆಸಿಡ್ ಜೊತೆಗಿರಲಿ, ಸಲ್ಫಾ ಅಲರ್ಜಿ ಇದ್ದವರಿಗೆ ಬೇಡ. ಮಗುವಿಗೆ ಪ್ರಯತ್ನಿಸುತ್ತಿರುವ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ. ಇನ್ನು ಕ್ರೋನ್ಸ್‌ಗೆ ಮೆಸಲಮೈನ್ ವರ್ಷಗಟ್ಟಲೆ ನುಂಗುತ್ತಿರುವವರು ಅದರ ಉಪಯೋಗವೇನೆಂದು ಒಮ್ಮೆ ಕೇಳಲೇಬೇಕು, ಅಲ್ಲಿ ಅದರ ಕೆಲಸ ನಗಣ್ಯ.

ಸ್ಟಿರಾಯ್ಡ್: ಬೇಗ ಒಳಗೆ, ಬೇಗ ಹೊರಗೆ

ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೆ 5 ಮಿ.ಗ್ರಾಂ ಇಳಿಸುತ್ತ ಎರಡು ತಿಂಗಳಲ್ಲಿ ಮುಗಿಸುವುದು ರೂಢಿ. ಬುಡೆಸೊನೈಡ್ 9 ಮಿ.ಗ್ರಾಂ ಇದಕ್ಕಿಂತ ಮೃದು, ಯಕೃತ್ತು ಅದನ್ನು ಮೊದಲ ಸುತ್ತಿನಲ್ಲೇ ಬಹುಪಾಲು ಒಡೆದುಹಾಕುತ್ತದೆ. ಆದರೆ ಎರಡು ಬಗೆ ಇವೆ, ಗಮನಿಸಿ: ಒಂದು ಸಣ್ಣ ಕರುಳಿನ ತುದಿಯಲ್ಲಿ ಬಿಚ್ಚಿಕೊಳ್ಳುವುದು, ಕ್ರೋನ್ಸ್‌ಗೆ. ಇನ್ನೊಂದು ದೊಡ್ಡ ಕರುಳಿನ ಉದ್ದಕ್ಕೂ ಬಿಚ್ಚಿಕೊಳ್ಳುವುದು, ಕೊಲೈಟಿಸ್‌ಗೆ. ಅಂಗಡಿಯವರು 'ಅದೇ ಸಾಲ್ಟ್' ಎಂದು ಬದಲಿಸಿ ಕೊಟ್ಟರೆ ಔಷಧ ಇಳಿಯುವ ಜಾಗವೇ ಬದಲಾಗುತ್ತದೆ.

ಕಾಯಿಲೆಯನ್ನು ಸ್ಟಿರಾಯ್ಡ್‌ನಿಂದ ಹತೋಟಿಯಲ್ಲಿಟ್ಟುಕೊಂಡು ಬದುಕುವುದು ಆಯ್ಕೆಯೇ ಅಲ್ಲ. ಮೂರು ತಿಂಗಳಲ್ಲಿ 10 ಮಿ.ಗ್ರಾಂಗಿಂತ ಕೆಳಗಿಳಿಯಲಾಗದಿದ್ದರೆ, ನಿಲ್ಲಿಸಿದ ಮೂರು ತಿಂಗಳೊಳಗೆ ಮತ್ತೆ ಕೆರಳಿದರೆ ಮುಂದಿನ ಹಂತದ ಮಾತು ಆಡಲೇಬೇಕು. ಮನೆಯಲ್ಲಿ ಉಳಿದ ಮಾತ್ರೆಯನ್ನು ರಕ್ತ ಕಂಡಾಗಲೆಲ್ಲ ಎರಡು ದಿನ ನುಂಗುವ ಅಭ್ಯಾಸ ಇದೆಯಲ್ಲ, ಅದು ಅತ್ಯಂತ ಕೆಟ್ಟ ಬಳಕೆ.

ಅಜಥಯೊಪ್ರಿನ್, ಬಯಾಲಜಿಕ್, ಟೊಫಸಿಟಿನಿಬ್

ನಿರೋಧಕ ಶಕ್ತಿಯನ್ನು ತಣಿಸುವ ಅಜಥಯೊಪ್ರಿನ್ ಅಗ್ಗ, ದಿನಕ್ಕೊಮ್ಮೆ ನುಂಗುವ ಮಾತ್ರೆ, ದಶಕಗಳ ಅನುಭವವಿದೆ. ತೂಕದ ಪ್ರತಿ ಕಿಲೋಗೆ 2 ರಿಂದ 2.5 ಮಿ.ಗ್ರಾಂ. ಫಲ ಕಾಣಲು ಮೂರು ತಿಂಗಳು ಬೇಕು, ಆದ್ದರಿಂದ ಈಗ ಉರಿಯುತ್ತಿರುವ ಕಾಯಿಲೆಗೆ ಇದೊಂದೇ ಸಾಲದು. ಬಿಳಿರಕ್ತಕಣ ಕುಸಿಯುವುದೇ ಇದರ ದೊಡ್ಡ ಅಪಾಯ. ಪಾಶ್ಚಾತ್ಯ ಪಠ್ಯಗಳಲ್ಲಿ ಈ ಔಷಧವನ್ನು ಒಡೆಯುವ ಟಿಪಿಎಂಟಿ ಎಂಬ ಕಿಣ್ವದ ಪರೀಕ್ಷೆಯ ಮಾತು ಬರುತ್ತದೆ. ನಮ್ಮವರಲ್ಲಿ ಹೆಚ್ಚು ತೊಂದರೆ ಕೊಡುವುದು ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ. ಆ ರಕ್ತಪರೀಕ್ಷೆ ಒಂದೇ ಸಲ ಮಾಡಿಸಿದರೆ ಸಾಕು. ಅದು ಸಿಗದ ಊರಿನಲ್ಲಿ 50 ಮಿ.ಗ್ರಾಂ ಅಥವಾ ಇನ್ನೂ ಕಡಿಮೆಯಿಂದ ಶುರುಮಾಡಿ, ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತಕಣ ಎಣಿಸಬೇಕು. ಶುರುಮಾಡಿದ ಕೆಲವೇ ವಾರದಲ್ಲಿ ದಿಂಬಿನ ಮೇಲೆ ಕೂದಲು ರಾಶಿಯಾಗಿ ಬೀಳತೊಡಗಿದರೆ ಮಾತ್ರೆ ನಿಲ್ಲಿಸಿ ಅಂದೇ ರಕ್ತಪರೀಕ್ಷೆ ಮಾಡಿಸಿ, ಅದು ಕಣಗಳು ಕುಸಿಯುತ್ತಿರುವ ಮುನ್ಸೂಚನೆ. ಯೂರಿಕ್ ಆಸಿಡ್‌ಗೆಂದು ಅಲೋಪ್ಯೂರಿನಾಲ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಎರಡೂ ಸೇರಿದರೆ ಅಜಥಯೊಪ್ರಿನ್ ಪ್ರಮಾಣ ಹಲವು ಪಟ್ಟು ಹೆಚ್ಚಿಸಿದಷ್ಟೇ ವಿಷಮ.

ಬಯಾಲಜಿಕ್‌ಗಳಲ್ಲಿ, ಅಂದರೆ ಜೀವಕೋಶಗಳಿಂದ ತಯಾರಿಸಿದ ಪ್ರತಿಕಾಯ ಔಷಧಗಳಲ್ಲಿ, ಇನ್‌ಫ್ಲಿಕ್ಸಿಮ್ಯಾಬ್ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವನ್ನು ತಡೆಯುತ್ತದೆ. ಕಿಲೋಗೆ 5 ಮಿ.ಗ್ರಾಂ, ಶುರುವಿಗೆ, 2ನೇ ವಾರ, 6ನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಡ್ರಿಪ್. ತೀವ್ರ ಕೊಲೈಟಿಸ್‌ಗೂ ಕ್ರೋನ್ಸ್‌ನ ಫಿಸ್ಟುಲಾಕ್ಕೂ (ಕರುಳಿನಿಂದ ಚರ್ಮಕ್ಕೋ ಪಕ್ಕದ ಅಂಗಕ್ಕೋ ಕೊರೆದುಕೊಂಡ ದಾರಿ) ಇದರಷ್ಟು ಭರವಸೆಯದು ಕಡಿಮೆ. ಅಡಲಿಮುಮ್ಯಾಬ್ ಅದೇ ಕೆಲಸದ ಚುಚ್ಚುಮದ್ದು, ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ. ವೆಡೊಲಿಜುಮ್ಯಾಬ್ ಬಿಳಿರಕ್ತಕಣಗಳು ರಕ್ತನಾಳದಿಂದ ಕರುಳಿಗಿಳಿಯುವ ಬಾಗಿಲನ್ನಷ್ಟೇ ಮುಚ್ಚುತ್ತದೆ, ದೇಹದ ಉಳಿದ ಕಡೆ ರಕ್ಷಣೆ ಹಾಗೇ ಇರುತ್ತದೆ. ಇವೆರಡನ್ನೂ ನೇರ ಎದುರುಬದುರು ಇಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ವರ್ಷದ ಕೊನೆಗೆ ಶಮನ ಕಂಡವರು ವೆಡೊಲಿಜುಮ್ಯಾಬ್‌ನಲ್ಲಿ 31.3%, ಅಡಲಿಮುಮ್ಯಾಬ್‌ನಲ್ಲಿ 22.5%. ವಯಸ್ಸಾದವರಿಗೆ, ಹಿಂದೆ ಕ್ಷಯ ಬಂದಿದ್ದವರಿಗೆ ವೆಡೊಲಿಜುಮ್ಯಾಬ್ ಹೆಚ್ಚು ಹೊಂದುತ್ತದೆ. ಆದರೆ ನಿಧಾನ, ಆರು ವಾರದಿಂದ ಮೂರು ತಿಂಗಳು ಕಾಯುವ ತಾಳ್ಮೆ ಬೇಕು.

ಟಿಎನ್‌ಎಫ್ ತಡೆದರೆ ಅವಿತಿರುವ ಕ್ಷಯ ಎದ್ದು ಕೂರುತ್ತದೆ, ಏಕೆಂದರೆ ಕ್ಷಯದ ಗಂಟನ್ನು ಕಟ್ಟಿಹಾಕಿರುವುದೇ ಟಿಎನ್‌ಎಫ್. ಎದೆಯ ಎಕ್ಸ್‌ರೇ, ಅವಿತ ಕ್ಷಯವನ್ನು ಹುಡುಕುವ ಮಾಂಟೂ ಅಥವಾ ಇಗ್ರಾ, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆಗಳಿಲ್ಲದೆ ಮೊದಲ ಡ್ರಿಪ್ ಏರಿಸಿಕೊಳ್ಳಬೇಡಿ. ಪರೀಕ್ಷೆ ಸರಿಯಿದ್ದರೂ ಮುಂದೆ ರಾತ್ರಿ ಜ್ವರ, ತೂಕ ಇಳಿಕೆ ಬಂದರೆ ಮೊದಲ ಅನುಮಾನ ಕ್ಷಯದ್ದೇ ಇರಲಿ.

ದುಡ್ಡಿನ ಲೆಕ್ಕ ಶುರುಮಾಡುವ ಮೊದಲೇ ಆಗಬೇಕು. ಹಣ ಹೊಂದಿದಾಗ ಒಂದು ಡೋಸ್, ಇಲ್ಲದಾಗ ಆರು ತಿಂಗಳು ಬಿಡುವು ಎಂಬಂತೆ ಇನ್‌ಫ್ಲಿಕ್ಸಿಮ್ಯಾಬ್ ಪಡೆದರೆ ದೇಹ ಆ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟುತ್ತದೆ. ಮುಂದಿನ ಡ್ರಿಪ್‌ಗೆ ಮೈತುರಿಕೆ, ಉಬ್ಬಸ, ಔಷಧ ಕೆಲಸ ಮಾಡದಿರುವುದು, ಮೂರೂ ಒಟ್ಟಿಗೆ ಬರಬಹುದು. ಒಂದು ವರ್ಷ ನಡೆಸಲಾಗದು ಅನ್ನಿಸಿದರೆ ಅದನ್ನು ಬಾಯಿಬಿಟ್ಟು ಹೇಳುವುದೇ ಜಾಣತನ, ವೈದ್ಯರು ಬೇರೆ ದಾರಿ ಹಿಡಿಯುತ್ತಾರೆ.

ಆ ಬೇರೆ ದಾರಿ ಈಗ ಹೆಚ್ಚಾಗಿ ಟೊಫಸಿಟಿನಿಬ್. ನುಂಗುವ ಮಾತ್ರೆ, ದೇಶೀ ಜೆನೆರಿಕ್ ಬಂದಿರುವುದರಿಂದ ಬಯಾಲಜಿಕ್‌ಗಿಂತ ಬಹಳ ಅಗ್ಗ, ಫಲ ಕೆಲವೇ ದಿನಗಳಲ್ಲಿ ಕಾಣಬಹುದು, ಮಧ್ಯೆ ಬಿಟ್ಟರೂ ಪ್ರತಿಕಾಯದ ಗೋಜಿಲ್ಲ. 10 ಮಿ.ಗ್ರಾಂ ದಿನಕ್ಕೆರಡು ಸಲ ಎಂಟು ವಾರ, ಆಮೇಲೆ 5 ಮಿ.ಗ್ರಾಂ ಎರಡು ಸಲ. ಅಲ್ಸರೇಟಿವ್ ಕೊಲೈಟಿಸ್‌ಗೆ ಮಾತ್ರ, ಕ್ರೋನ್ಸ್‌ಗೆ ಇದು ಕೆಲಸ ಮಾಡಿಲ್ಲ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಹೃದಯದ ತೊಂದರೆ ಇದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಬೇರೆಯದನ್ನೇ ಹುಡುಕುವುದು ಮೇಲು. ಸರ್ಪಸುತ್ತು ಏಳುವ ಸಂಭವ ಹೆಚ್ಚು, ಅದರ ಜೀವಂತವಲ್ಲದ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಿ. ಕ್ಷಯದ ಪರೀಕ್ಷೆಗಳಿಗೆ ಇಲ್ಲೂ ವಿನಾಯಿತಿ ಇಲ್ಲ.

ಸೂಕ್ಷ್ಮಾಣುಗಳನ್ನೇ ಬದಲಿಸಿದರೆ?

ಮನೆಯ ಮೊಸರು ಒಳ್ಳೆಯ ಆಹಾರ. ಹಾಲು ಒಗ್ಗದವರಿಗೂ ಒಗ್ಗುತ್ತದೆ, ಹುದುಗುವಾಗ ಲ್ಯಾಕ್ಟೋಸ್ ಕಡಿಮೆಯಾಗಿರುತ್ತದೆ. ಆದರೆ ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಕರುಳಿನಲ್ಲಿ ನೆಲೆನಿಲ್ಲುವ ಜಾತಿಯವಲ್ಲ, ಬಂದು ಹೋಗುವ ನೆಂಟರು. ಔಷಧದ ಜಾಗದಲ್ಲಿ ಮೊಸರು ಇಟ್ಟರೆ ಕಾಯಿಲೆ ಕೆರಳುತ್ತದೆ.

ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಲುಧಿಯಾನದ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ತಳಿಗಳ ಮಿಶ್ರಣವೊಂದು ಸೌಮ್ಯದಿಂದ ಮಧ್ಯಮ ಕೊಲೈಟಿಸ್‌ನಲ್ಲಿ ಉಪಕಾರ ತೋರಿಸಿತು, ಆದರೆ ಪ್ರಮಾಣ ದಿನಕ್ಕೆರಡು ಸಲ, ಪ್ರತಿ ಸಲ 3,60,000 ಕೋಟಿ ಸೂಕ್ಷ್ಮಾಣು. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿನ ಹಿಂಬದಿಯಲ್ಲಿ 500 ಕೋಟಿ ಎಂದಿದ್ದರೆ ಅಷ್ಟಾಗಲು ದಿನಕ್ಕೆ 1,440 ಕ್ಯಾಪ್ಸೂಲ್ ನುಂಗಬೇಕು! ಇ. ಕೋಲಿ ನಿಸ್ಲೆ 1917 ಎಂಬ ಜರ್ಮನ್ ತಳಿ ಶಮನ ಉಳಿಸಿಕೊಳ್ಳುವುದರಲ್ಲಿ ಮೆಸಲಮೈನ್‌ಗೆ ಸರಿಸಾಟಿಯಾಗಿ ನಿಂತಿದೆ. ಕ್ರೋನ್ಸ್‌ನಲ್ಲಿ ಯಾವ ಪ್ರೊಬಯಾಟಿಕ್‌ಗೂ ಗಟ್ಟಿ ಪುರಾವೆ ಇಲ್ಲ. ಅಮೆರಿಕದ ಜಠರಕರುಳು ತಜ್ಞರ ಸಂಘ 2020ರಲ್ಲಿ ಎರಡೂ ಕಾಯಿಲೆಗಳಿಗೆ ಅಧ್ಯಯನದ ಹೊರಗೆ ಇವನ್ನು ಬಳಸಬೇಡಿ ಎಂದೇ ಹೇಳಿತು. ತಿಂಗಳಿಗೆ ಸಾವಿರಗಟ್ಟಲೆ ಅದಕ್ಕೆ ಸುರಿಯುವ ಬದಲು ಆ ಹಣದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ (ಮಲದಲ್ಲಿ ಕರುಳಿನ ಉರಿಯೂತ ಅಳೆಯುವುದು) ಮಾಡಿಸಿಕೊಳ್ಳುವುದು ಲೇಸು.

ಆರೋಗ್ಯವಂತ ದಾನಿಯ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಮಲ ಕಸಿಗೆ ಇರುವ ಪುರಾವೆ ಇದಕ್ಕಿಂತ ಗಟ್ಟಿ. ದೆಹಲಿಯ ಏಮ್ಸ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೌಮ್ಯದಿಂದ ಮಧ್ಯಮ ಕೊಲೈಟಿಸ್‌ನ 66 ಮಂದಿ ಇದ್ದರು. ಒಂದು ಗುಂಪಿಗೆ ಏಳು ವಾರ ವಾರಕ್ಕೊಮ್ಮೆ ಕೊಲೊನೊಸ್ಕೋಪಿ ಮೂಲಕ ಹಲವು ದಾನಿಗಳ ಮಲದ ಕಸಿ, ಜೊತೆಗೆ ಉರಿಯೂತ ತಗ್ಗಿಸುವ ಆಹಾರಕ್ರಮ. ಎಂಟನೇ ವಾರಕ್ಕೆ ಶಮನ 60%, ಎಂದಿನ ಔಷಧದ ಗುಂಪಿನಲ್ಲಿ 32%. ಫಲ ಕಸಿಯದ್ದೋ ಊಟದ್ದೋ ಎಂದು ಇದರಿಂದ ಬಿಡಿಸಿ ಹೇಳಲಾಗದು. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ ಔಷಧನಿರೋಧಕ ಇ. ಕೋಲಿಯಿಂದ ಕಸಿ ಪಡೆದ ಒಬ್ಬರು ತೀರಿಕೊಂಡರು. ಮನೆಯಲ್ಲಿ ಮಿಕ್ಸಿ ಹಿಡಿದು ಇದನ್ನು ಪ್ರಯತ್ನಿಸುವವರಿಗೆ ಇಷ್ಟು ಸಾಕು. ದಾನಿಗಳ ತಪಾಸಣೆ ಇರುವ ದೊಡ್ಡ ಆಸ್ಪತ್ರೆಯ ಅಧ್ಯಯನದಲ್ಲಿ ಸೇರುವ ಅವಕಾಶ ಸಿಕ್ಕರೆ ಮಾತ್ರ ಯೋಚಿಸಿ.

ತಟ್ಟೆಯಲ್ಲಿ ಏನು

ಮಕ್ಕಳ ಕ್ರೋನ್ಸ್‌ನಲ್ಲಿ ಊಟವೇ ಮೊದಲ ಔಷಧ. ಆರರಿಂದ ಎಂಟು ವಾರ ಬೇರೇನೂ ಕೊಡದೆ ದ್ರವ ಪೌಷ್ಟಿಕ ಆಹಾರ ಮಾತ್ರ ಕೊಟ್ಟರೆ ಸ್ಟಿರಾಯ್ಡ್‌ಗೆ ಸಮನಾದ ಶಮನ ಸಿಗುತ್ತದೆ, ಬೆಳವಣಿಗೆಯೂ ಕುಂಠಿತವಾಗದು. ಕೊಲೈಟಿಸ್‌ನಲ್ಲಿ ಊಟ ಸಹಾಯಕ ಅಷ್ಟೇ.

ಕೆರಳಿದಾಗ ಗಂಜಿ, ತಿಳಿ ಹೆಸರುಬೇಳೆ ತೊವ್ವೆ, ಇಡ್ಲಿ, ಮೊಳಕೆ ಬರಿಸಿ ಬಟ್ಟೆಯಲ್ಲಿ ಶೋಧಿಸಿದ ರಾಗಿಸರಿ, ಬೇಯಿಸಿದ ಸೋರೆಕಾಯಿ, ಮೊಟ್ಟೆ ಹಗುರ. ಹೊಟ್ಟು ತುಂಬಿದ ಮುದ್ದೆ, ಕಾಳುಸಾರು, ಹಸಿ ಕೋಸಂಬರಿ ಸ್ವಲ್ಪ ಕಾಲ ದೂರವಿರಲಿ. ತಪ್ಪಾಗುವುದು ಆಮೇಲೆ: ರಕ್ತ ನಿಂತು ವರ್ಷವಾದರೂ ಹೆದರಿಕೆಯಿಂದ ಬರೀ ಅನ್ನ ಮಜ್ಜಿಗೆಯಲ್ಲೇ ಉಳಿಯುವುದು. ನಾರಿಲ್ಲದಿದ್ದರೆ ಬ್ಯುಟಿರೇಟ್ ಎಲ್ಲಿಂದ ಬರಬೇಕು? ಶಮನವಾದ ಮೇಲೆ ವಾರಕ್ಕೊಂದು ಪದಾರ್ಥದಂತೆ ಮುದ್ದೆ, ಸೊಪ್ಪು, ಕಾಳು ಹಿಂತಿರುಗಬೇಕು. ಕರುಳು ಕಿರಿದಾಗಿರುವ ಕ್ರೋನ್ಸ್ ರೋಗಿಗೆ ಮಾತ್ರ ನುಗ್ಗೆ, ಹಲಸಿನ ತೊಳೆ, ಕಬ್ಬು, ಮುಸುಕಿನ ಜೋಳ ನಿಷಿದ್ಧ. ನಾರು ಸಿಕ್ಕಿಕೊಂಡು ಕರುಳು ಕಟ್ಟಿಬಿಡುತ್ತದೆ.

ಪ್ಯಾಕೆಟ್ ತಿನಿಸಿನ ಲೇಬಲಿನಲ್ಲಿ ಐಎನ್‌ಎಸ್ 466, 433, 407 ಹುಡುಕಿ. ಕ್ರಮವಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಪಾಲಿಸಾರ್ಬೇಟ್ 80, ಕ್ಯಾರಜೀನನ್. ಐಸ್‌ಕ್ರೀಮು, ಸಾಸು, ಪ್ಯಾಕೆಟ್ ಹಾಲಿನ ಪಾನೀಯಗಳಲ್ಲಿ ಸಾಮಾನ್ಯ. ಇಲಿಗಳ ಪ್ರಯೋಗದಲ್ಲಿ ಮೊದಲೆರಡು ಲೋಳೆ ಪದರವನ್ನು ತೆಳುಮಾಡಿವೆ. ಬಿಟ್ಟರೆ ನಷ್ಟವೇನೂ ಇಲ್ಲ. ಅರಿಶಿನದ ವಿಷಯಕ್ಕೆ ಬಂದರೆ, ಅಧ್ಯಯನಗಳಲ್ಲಿ ಕೆಲಸ ಮಾಡಿದ್ದು ಮೆಸಲಮೈನ್ ಜೊತೆಗೆ ದಿನಕ್ಕೆ 2 ರಿಂದ 3 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನದಲ್ಲಿ ಅದು ಕೆಲವೇ ಶೇಕಡಾ ಇರುವುದರಿಂದ ಹಾಲಿಗೆ ಹಾಕುವ ಅರ್ಧ ಚಮಚ ಲೆಕ್ಕಕ್ಕೆ ಬಾರದು.

ಮನೆಯಲ್ಲಿ ಕೂರಬಾರದ ಹೊತ್ತು

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಅದರ ಜೊತೆಗೆ ನಾಡಿ 90 ದಾಟುವುದು, ಜ್ವರ 37.8 ಡಿಗ್ರಿ ಸೆಲ್ಸಿಯಸ್ ಮೀರುವುದು, ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗಿಳಿಯುವುದು, ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ 30 ದಾಟುವುದು, ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಸೇರಬೇಕು. ಅಲ್ಲಿ ರಕ್ತನಾಳದ ಮೂಲಕ ಸ್ಟಿರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ರಕ್ತ ಹೋಗುತ್ತಿರುವವರಿಗೆ ಹೆಪಾರಿನ್ ಏಕೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಈ ಉರಿಯೂತ ರಕ್ತವನ್ನು ಗಟ್ಟಿಯಾಗಿಸುತ್ತದೆ, ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು ರಕ್ತಸ್ರಾವಕ್ಕಿಂತ ದೊಡ್ಡ ಭಯ. ಮೂರನೇ ದಿನ ಲೆಕ್ಕ ಹಾಕುತ್ತಾರೆ: ಇನ್ನೂ ಎಂಟಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಸಲವಾದರೂ ರಕ್ತದಲ್ಲಿ ಉರಿಯೂತದ ಇನ್ನೊಂದು ಅಳತೆಯಾದ ಸಿಆರ್‌ಪಿ 45 ದಾಟಿದ್ದರೆ ಸ್ಟಿರಾಯ್ಡ್ ಸೋತಿದೆ ಎಂದರ್ಥ. ಇನ್‌ಫ್ಲಿಕ್ಸಿಮ್ಯಾಬ್, ಸೈಕ್ಲೊಸ್ಪೊರಿನ್, ಇಲ್ಲವೇ ಶಸ್ತ್ರಚಿಕಿತ್ಸೆ. ಲುಧಿಯಾನದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮೊದಲ ದಿನದಿಂದಲೇ ಸ್ಟಿರಾಯ್ಡ್ ಜೊತೆ ಟೊಫಸಿಟಿನಿಬ್ ಕೊಟ್ಟಾಗ ಏಳು ದಿನದಲ್ಲಿ 83% ಜನ ಚೇತರಿಸಿಕೊಂಡರು, ಬರೀ ಸ್ಟಿರಾಯ್ಡ್‌ನಲ್ಲಿ 59%. ಸರ್ಜನ್ ಅನ್ನು ಮೂರನೇ ದಿನವೇ ಕರೆಸಿದರೆ ಕೈಚೆಲ್ಲಿದರು ಎಂದುಕೊಳ್ಳಬೇಡಿ. ಹತ್ತನೇ ದಿನ ಕರೆಸುವ ವಾರ್ಡಿಗಿಂತ ಅದು ಒಳ್ಳೆಯ ವಾರ್ಡು.

ಆಯ್ಕೆ ಫಲಿಸಿತೇ ಎಂದು ತಿಳಿಯುವುದು

ರಕ್ತ ನಿಂತ ಮಾತ್ರಕ್ಕೆ ಹುಣ್ಣು ಮಾಗಿರುವುದಿಲ್ಲ. ಔಷಧ ಬದಲಿಸಿದ ಮೂರು ತಿಂಗಳಿಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ನೋಡಿಸಿ. ಗ್ರಾಂಗೆ 250 ಮೈಕ್ರೋಗ್ರಾಂ ಮೀರಿದ್ದರೆ ಒಳಗೆ ಇನ್ನೂ ಉರಿಯಿದೆ, 100ಕ್ಕಿಂತ ಕೆಳಗಿದ್ದರೆ ನೆಮ್ಮದಿ. ಬೆಳಗಿನ ಮೊದಲ ಮಲದ ಸ್ಯಾಂಪಲ್ ಕೊಡಿ, ಪ್ರತಿ ಸಲ ಒಂದೇ ಲ್ಯಾಬಿಗೆ. ಹಿಂದಿನ ವಾರ ಹಲ್ಲುನೋವಿಗೋ ಬೆನ್ನುನೋವಿಗೋ ಡೈಕ್ಲೊಫಿನಾಕ್, ಐಬುಪ್ರೊಫೆನ್ ನುಂಗಿದ್ದರೆ ಸಂಖ್ಯೆ ಸುಳ್ಳು ಏರುತ್ತದೆ. ಅವು ಕಾಯಿಲೆಯನ್ನೂ ಕೆರಳಿಸುತ್ತವೆ, ನೋವಿಗೆ ಪ್ಯಾರಸಿಟಮಾಲ್ ಸಾಕು.

ಗರ್ಭ ನಿಂತ ಕೂಡಲೇ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕುವ ಅತ್ತೆ ತಾಯಂದಿರಿಗೆ ಒಂದು ಮಾತು. ಮಗುವಿಗೆ ಹೆಚ್ಚು ಅಪಾಯ ಕೆರಳಿದ ಕಾಯಿಲೆಯಿಂದ. ಮೆಸಲಮೈನ್, ಸಲ್ಫಸಲಜಿನ್, ಮೊದಲಿನಿಂದ ಒಗ್ಗಿರುವ ಅಜಥಯೊಪ್ರಿನ್, ಬಯಾಲಜಿಕ್‌ಗಳು ಮುಂದುವರಿಯುತ್ತವೆ. ಟೊಫಸಿಟಿನಿಬ್ ಮಾತ್ರ ಗರ್ಭ ಧರಿಸುವ ಮೊದಲೇ ನಿಲ್ಲಬೇಕು. ಗರ್ಭದಲ್ಲಿದ್ದಾಗ ತಾಯಿ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಲಿಮುಮ್ಯಾಬ್ ಪಡೆದಿದ್ದರೆ ಅದು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹುಟ್ಟಿದ ದಿನವೇ ಹಾಕುವ ಬಿಸಿಜಿ ಲಸಿಕೆ ಜೀವಂತ ಲಸಿಕೆ. ಹೆರಿಗೆ ವಾರ್ಡಿನ ನರ್ಸ್‌ಗೆ ಈ ವಿಷಯ ಮೊದಲೇ ಬರೆದುಕೊಟ್ಟು, ಮಕ್ಕಳ ವೈದ್ಯರು ಹೇಳುವವರೆಗೆ ಬಿಸಿಜಿ ತಡೆಹಿಡಿಸಿ.